ಪ್ಲಾನ್ ಇಲ್ದೆ ಗುಜರಾತಿನ ಉಪ್ಪಿನ ಬಯಲು ಕಛ್ ರಣ್‌ಗೆ ಇವಿ (ಕರೆಂಟ್ ಕಾರು) ತಗೊಂಡು ಹೋಗಿ ಬಂದ್ವಿ, ಆಯಿ (ಅಮ್ಮ) ಜೊತೆ (ಸ್ವಲ್ಪ ಉದ್ದ ಇದೆ)

ಕಾಳಿ ದಂಡೆ, ಕಾರವಾರ

ಎಲ್ರಿಗೂ ನಮಸ್ಕಾರ. ಇಲ್ಲಿ ಇವಿ ಬಗ್ಗೆ ಬರೋ ಪ್ರಶ್ನೆ ಹೆಚ್ಚಿನವು ಗೋವಾಕ್ಕೆ ಹೋಗಿ ಬರ್ಬಹುದಾ, ಹುಬ್ಬಳ್ಳಿಗೆ ಹೋದ್ರೆ ಅರೆಬೈಲ್ ಘಟ್ಟ ಎಷ್ಟು ಚಾರ್ಜ್ ತಿಂತದೆ ಅಂತ ಇರ್ತಾವೆ, ಅದಕ್ಕೇ ಇದನ್ನ ಬರೀಬೇಕು ಅನಿಸ್ತು.

ಜನವರಿಲಿ ನಾನು, ಹೆಂಡ್ತಿ, ಆಯಿ ಮೂರು ಜನ ಅಹಮದಾಬಾದಿಗೆ ಚಿಕ್ಕಪ್ಪನ ಮಗನ ಮನೆ ಗೃಹಪ್ರವೇಶ ಅಂತ ಕಾರಲ್ಲೇ ಹೋಗಿದ್ವಿ. ಗಾಡಿ ನೆಕ್ಸಾನ್ ಇವಿ, 40.5 ಯೂನಿಟ್ ಬ್ಯಾಟರಿದು. ಕಾಗದದ ಮೇಲೆ 465 ಕಿ.ಮೀ ಅಂತ ಇದೆ, ನಂಗೆ ಹೈವೇಲಿ 80 ದಾಟದೆ ಓಡಿಸಿದ್ರೆ 290 ಸಿಗ್ತದೆ, 100ರಲ್ಲಿ ಹೋದ್ರೆ 240ಕ್ಕೆ ಇಳೀತದೆ. ಬೆಳಗಾವಿ, ಕೊಲ್ಹಾಪುರ, ಪುಣೆ, ಸೂರತ್ ದಾರಿಲಿ ಚಾರ್ಜರ್‌ಗೆ ಬರಗಾಲ ಇಲ್ಲ, ಮೂರನೇ ದಿನ ಸಂಜೆ ತಲುಪಿದ್ವಿ. ಆ ದಾರಿ ಬಗ್ಗೆ ಹೇಳೋಕೆ ವಿಶೇಷ ಏನೂ ಇಲ್ಲ.

ಗೃಹಪ್ರವೇಶ ಮುಗಿದ ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪನ ಮಗ ಫೋನಲ್ಲಿ ರಣ್ ಫೋಟೋ ತೋರಿಸ್ದ. ಆಯಿ ಹುಟ್ಟಿ ಬೆಳೆದಿದ್ದು ಗೋಕರ್ಣದ ಹತ್ರ ಸಾಣಿಕಟ್ಟಾದಲ್ಲಿ, ಅಜ್ಜ ಉಪ್ಪಿನ ಆಗರದಲ್ಲಿ ದುಡಿದವ್ರು. ಆಯಿ ಫೋನ್ ಇಸ್ಕೊಂಡು ತುಂಬಾ ಹೊತ್ತು ನೋಡಿ "ಇಷ್ಟು ಉಪ್ಪು ಯಾರು ಕೂಡಿಸ್ತಾರೋ" ಅಂತ ಕೇಳಿದ್ರು. ಯಾರೂ ಇಲ್ಲ ದೊಡ್ಡಮ್ಮ, ಮಳೆಗಾಲದಲ್ಲಿ ಸಮುದ್ರದ ನೀರು, ಹೊಳೆ ನೀರು ಎಲ್ಲ ಬಂದು ನಿಲ್ತದೆ, ಚಳಿಗಾಲಕ್ಕೆ ಒಣಗಿ ತಾನಾಗೇ ಉಪ್ಪಾಗ್ತದೆ ಅಂದ ಅವ. "ಹಂಗಾದ್ರೆ ನಾನು ನೋಡ್ಬೇಕು" ಅಂದ್ರು ಆಯಿ. ಅಪ್ಪ ಹೋದ ಮೇಲೆ ಅವ್ರು ಬಾಯಿಬಿಟ್ಟು ಏನನ್ನಾದ್ರೂ ಕೇಳಿದ್ದೇ ನಂಗೆ ನೆನಪಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಹೊರಟ್ವಿ, ಹೋಟೆಲ್ ಬುಕಿಂಗ್ ಇಲ್ಲ, ಪರ್ಮಿಟ್ ಇಲ್ಲ, ಮುಂದೆ ಚಾರ್ಜರ್ ಎಲ್ಲೆಲ್ಲಿ ಅಂತ ಸರಿಯಾಗಿ ನೋಡ್ಕೊಂಡೂ ಇಲ್ಲ.

ಅಹಮದಾಬಾದಿಂದ ಭುಜ್ ಸುಮಾರು 330 ಕಿ.ಮೀ. ನಡುವೆ ಒಂದ್ಸಲ ಚಾರ್ಜ್ ಹಾಕ್ಲೇಬೇಕು. ಆ್ಯಪಲ್ಲಿ ಹಸಿರು ತೋರಿಸ್ತಿದ್ದ ಬಂಕಿಗೆ 31% ಇಟ್ಕೊಂಡು ಹೋದ್ರೆ ಚಾರ್ಜರ್ ಸ್ಕ್ರೀನೇ ಕಪ್ಪು, ಬಂಕಿನ ಹುಡುಗ ನಾಲ್ಕು ದಿನದಿಂದ ಹೀಗೇ ಅಂದ. ಮುಂದಿನದು 38 ಕಿ.ಮೀ. ಏಸಿ ಬಂದ್ ಮಾಡಿ 65ರಲ್ಲಿ ಹೋಗಿ 17%ಗೆ ತಲುಪಿದ್ವಿ, ಅಲ್ಲಿ ಸರಿ ಇತ್ತು. ಇದಾದ್ಮೇಲೆ ಒಂದು ನಿಯಮ ಮಾಡ್ಕೊಂಡೆ: ಆ್ಯಪಲ್ಲಿ ಇದ್ರೆ ಸಾಲ್ದು, ಕೊನೇ ಚಾರ್ಜಿಂಗ್ ಯಾವಾಗ ಆಗಿದೆ ಅಂತ ನೋಡ್ಬೇಕು, ನೋಡಿ ಅಲ್ಲಿಗೆ ಫೋನ್ ಮಾಡ್ಬೇಕು. ಭುಜ್‌ನಲ್ಲಿ ರಾತ್ರಿ ಇದ್ವಿ. ಮುಂದಿನ ಭಾಗ ರಾತ್ರಿ ಬರೀತೇನೆ, ಅದೇ ಮುಖ್ಯ.

ಸೋಂದಾ ರಸ್ತೆ, ಶಿರಸಿ

ಓದಿ ಖುಷಿ ಆತು, ಆದ್ರೆ ಒಂದು ಮಾತು ಹೇಳ್ತೆ, ಬೇಜಾರ್ ಮಾಡ್ಕಳಡಿ. ವಯಸ್ಸಾದವ್ರನ್ನ ಕೂರಿಸ್ಕಂಡು 17%ನಲ್ಲಿ ಏಸಿ ಬಂದ್ ಮಾಡ್ಕಂಡು ಹೋಪದು ಸರಿ ಅಲ್ಲ ಹೇಳಿ ನನ್ನ ಅಭಿಪ್ರಾಯ. ನನ್ನ ಡೀಸೆಲ್ ಗಾಡಿ ಒಂದ್ಸಲ ಟ್ಯಾಂಕ್ ತುಂಬಿದ್ರೆ 800 ಕಿ.ಮೀ. ನಾನು ಇವಿ ವಿರೋಧಿ ಅಲ್ಲ, ತಂಗಿ ಮನೆಲಿ ಒಂದು ಇವಿ ಇದ್ದು, ಶಿರಸಿ ಕುಮಟಾ ಓಡಾಡೂಲೆ ಅಡ್ಡಿಲ್ಲೆ. ಮರುಭೂಮಿಗೆ ಮಾತ್ರ ಯೋಚ್ನೆ ಮಾಡಿ ಹೊರಡವು.

ಕಾಳಿ ದಂಡೆ, ಕಾರವಾರ

ನೀವು ಹೇಳಿದ್ರಲ್ಲಿ ತಪ್ಪಿಲ್ಲ. ಇನ್ನೊಂದ್ಸಲ ಹೋದ್ರೆ ನಾನೂ ಆ ಬಂಕಿಗೆ 50% ಇರುವಾಗಲೇ ಹೋಗ್ತೇನೆ. ಜನವರಿ ಆಗಿದ್ರಿಂದ ಏಸಿ ಇಲ್ದೆ ಆಯಿಗೆ ಸೆಕೆ ಆಗ್ಲಿಲ್ಲ ಅಷ್ಟೇ, ಮೇ ತಿಂಗಳಾಗಿದ್ರೆ ಆ ನಿರ್ಧಾರ ತಗೊಳ್ತಾನೇ ಇರ್ಲಿಲ್ಲ.

ಎರಡನೇ ಭಾಗ. ಭುಜ್‌ನಲ್ಲಿ ಬೆಳಿಗ್ಗೆ 96% ಮಾಡ್ಕೊಂಡು ಹೊರಟ್ವಿ. ಭಿರಂಡಿಯಾರಾ ಚೆಕ್‌ಪೋಸ್ಟಲ್ಲಿ ರಣ್‌ಗೆ ಪರ್ಮಿಟ್ ಮಾಡಿಸ್ಬೇಕು, ಗುರುತಿನ ಚೀಟಿ ಒಯ್ಯಿರಿ. ಆ ಊರಲ್ಲಿ ಎಮ್ಮೆ ಹಾಲಿನ ಮಾವಾ ಮಾಡ್ತಾರೆ, ತಿಂದೇ ಮುಂದೆ ಹೋಗಿ. ಬನ್ನಿ ಹುಲ್ಲುಗಾವಲು ಅಂತ ಹೆಸರು ಕೇಳಿದ್ದೆ, ಹುಲ್ಲಿಗಿಂತ ಜಾಸ್ತಿ ಕಂಡಿದ್ದು ನಮ್ಮ ಬಯಲುಸೀಮೆ ಬಳ್ಳಾರಿ ಜಾಲಿನೇ, ಮೈಲುಗಟ್ಟಲೆ ಅದೇ. ಅಲ್ಲಿಯವ್ರು ಅದಕ್ಕೆ ಗಾಂಡೋ ಬಾವಳ್ ಅಂತಾರೆ, ಅಂದ್ರೆ ಹುಚ್ಚು ಜಾಲಿ.

ಧೋರ್ಡೋ ದಾಟಿ ಬಿಳಿ ರಣ್ ತಲುಪಿದಾಗ ಸಂಜೆ ಐದೂವರೆ. ಆಯಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದ್ರು. ಮಾತಾಡ್ಲಿಲ್ಲ. ಕೂತು ಉಗುರಿಂದ ಒಂದು ಚೂರು ಉಪ್ಪು ಎಬ್ಬಿಸಿ ನಾಲಿಗೆಗೆ ಇಟ್ಕೊಂಡು "ನಮ್ಮದಕ್ಕಿಂತ ಕಹಿ" ಅಂದ್ರು, ಆಮೇಲೆ ಕತ್ತಲಾಗೋ ತನಕ ಅಲ್ಲೇ ಕೂತಿದ್ರು. ನಾವು ಎಬ್ಬಿಸ್ಲಿಲ್ಲ.

ಉಳ್ಕೊಂಡಿದ್ದು ಖಾವ್ಡಾ ಕಡೆ ಒಂದು ಹಳ್ಳಿ ಮನೆ, ಸುತ್ತು ಮಣ್ಣಿನ ಗೋಡೆಯ ಭುಂಗಾ, ದಾರಿಲಿ ಚಹಾ ಅಂಗಡಿಯವ್ರು ಹೇಳಿ ಕಳಿಸಿದ್ದು. ಅಲ್ಲಿಗೆ 53% ಉಳಿದಿತ್ತು. ಮರುದಿನ ಹಳೇ ಕಾಲದ ಊರಿನ ಅವಶೇಷ ಇರೋ ಧೋಲಾವೀರಾ ನೋಡಿ ಭುಜ್‌ಗೆ ವಾಪಸ್, ಒಟ್ಟು 215 ಕಿ.ಮೀ, ನಡುವೆ ಎಲ್ಲೂ ಫಾಸ್ಟ್ ಚಾರ್ಜರ್ ಇದೆ ಅಂತ ಯಾರೂ ಹೇಳ್ಲಿಲ್ಲ. ಅಂದ್ರೆ ರಾತ್ರಿ ಇಡೀ 15 ಆ್ಯಂಪ್ ಸಾಕೆಟಲ್ಲಿ ಹಾಕ್ಲೇಬೇಕು. ಮನೆಯವ್ರು ಫ್ರಿಜ್ ಪ್ಲಗ್ ತೆಗೆದು ಜಾಗ ಕೊಟ್ರು. ಪ್ಲಗ್ ಹಾಕಿದ್ರೆ ಚಾರ್ಜರ್ ಡಬ್ಬಿಲಿ ಕೆಂಪು ದೀಪ. ಬೇರೆ ಸಾಕೆಟ್, ಅಲ್ಲೂ ಕೆಂಪು. ಅರ್ಥಿಂಗ್ ಇಲ್ಲ, ಅಂದ್ರೆ ಲೀಕ್ ಆದ ಕರೆಂಟ್ ನೆಲಕ್ಕೆ ಹೋಗೋ ದಾರಿ ಇಲ್ಲ.

ನಮ್ಮ ಈ ಗುಂಪಲ್ಲಿ ಇರೋ ಕುಮಟಾ ವೈರಿಂಗ್ ಅವ್ರಿಗೆ ಫೋನ್ ಮಾಡ್ದೆ, ಎಂಟೂವರೆ ರಾತ್ರಿ, ಅವ್ರು ಊಟದ ಮಧ್ಯೆ ಎದ್ದು ಮಾತಾಡಿದ್ರು. ಅವ್ರ ಉಪಕಾರ ನಾನು ಮರೆಯಲ್ಲ. ಅರ್ಥ್ ಪಿಟ್ ಎಲ್ಲಿದೆ ಹುಡುಕು, ಕ್ಲಾಂಪ್ ನೋಡು, ನೀರು ಹಾಕು ಅಂದ್ರು. ಹಿತ್ತಲಲ್ಲಿ ಒಂದು ಪೈಪ್ ಹುಗಿದಿದ್ರು, ಸುತ್ತ ಮಣ್ಣು ಹಿಟ್ಟಿನ ಹಾಗೆ ಒಣಗಿತ್ತು, ತಂತಿ ಕಟ್ಟಿದ ಕ್ಲಾಂಪ್ ಪೂರ್ತಿ ತುಕ್ಕು. ಮನೆಯ ಯಜಮಾನ ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ್ರು. ಆದ್ರೆ ನೀರು? ಟ್ಯಾಂಕರಿಂದ ನೀರು ತರಿಸಿ ತೊಟ್ಟಿಲಿ ತುಂಬಿಟ್ಕೊಂಡು ಬದುಕೋ ಮನೆಲಿ ನನ್ನ ಕಾರಿಗೋಸ್ಕರ ಮಣ್ಣಿಗೆ ನೀರು ಸುರೀರಿ ಅಂತ ಕೇಳೋಕೆ ನಂಗೆ ಬಾಯಿ ಬರ್ಲಿಲ್ಲ. ನಾವು ಪೈಪ್ ಹತ್ರ ನಿಂತು ಏನು ಮಾಡ್ತಾ ಇದ್ದೇವೆ ಅಂತ ಆ ಮನೆಯಮ್ಮ ಮಗನ ಹತ್ರ ಕೇಳಿ ತಿಳ್ಕೊಂಡು, ಒಳಗೆ ಹೋಗಿ ಪಾತ್ರೆ ತೊಳೆದ ನೀರು ಎರಡು ಬಕೆಟ್ ತಂದಿಟ್ರು. ಅದು ಆಡುಗಳಿಗೆ ಅಂತ ತೆಗೆದಿಟ್ಟಿದ್ದು ಅಂತ ಆಮೇಲೆ ಗೊತ್ತಾಯ್ತು. ಒಂದು ಮುಷ್ಟಿ ಉಪ್ಪು ಸೇರಿಸಿ ನಿಧಾನಕ್ಕೆ ಹಾಕಿದ್ವಿ. ಇಪ್ಪತ್ತು ನಿಮಿಷ ಕಾದು ಮತ್ತೆ ಪ್ಲಗ್ ಹಾಕಿದ್ರೆ ಹಸಿರು.

ಒಂಬತ್ತೂ ಕಾಲಿಂದ ಬೆಳಿಗ್ಗೆ ಏಳೂವರೆ ತನಕ ಹಾಕಿ, ಮಧ್ಯೆ ಸ್ವಲ್ಪ ಹೊತ್ತು ಕರೆಂಟ್ ಹೋಗಿ, 93% ಆಯ್ತು. ಕರೆಂಟಿನ ದುಡ್ಡು ತಗೊಳ್ಳೋಕೆ ಒಪ್ಪದೆ ಇದ್ದಾಗ ಬಿಲ್ ನೋಡಿ ಲೆಕ್ಕ ಹಾಕಿ ಒತ್ತಾಯ ಮಾಡಿ ಕೊಟ್ವಿ, ಟ್ಯಾಂಕರ್ ನೀರಿಗೆ ಬೇರೆ ಕೊಟ್ವಿ, ಮಕ್ಕಳಿಗೆ ಆಯಿ ಊರಿಂದ ತಂದ ತೊಡದೇವು ಕೊಟ್ರು. ಆ ಕಾಗದದಂಥ ಸಿಹಿನ ಹೇಗೆ ಮಡಚಿದ್ದು ಅಂತ ಆ ಮನೆಯಮ್ಮನಿಗೆ ಆಶ್ಚರ್ಯ, ಆಯಿಗೆ ಗುಜರಾತಿ ಬರಲ್ಲ, ಅವ್ರಿಗೆ ಕನ್ನಡ ಬರಲ್ಲ, ಮಡಕೆ ಬೋರಲು ಹಾಕಿ ಅದ್ರ ಮೇಲೆ ಹಿಟ್ಟು ಬಳಿಯೋದನ್ನ ಕೈಯಲ್ಲೇ ಮಾಡಿ ತೋರಿಸಿದ್ರು.

ಅಂಕೋಲಾ ಬೈಲು

ಸೂಪರ್ ಅಣ್ಣಾ. ಆದ್ರೆ ಇಷ್ಟೆಲ್ಲ ಯಾಕೆ, ನ್ಯೂಟ್ರಲ್ಲನ್ನೇ ಅರ್ಥ್ ಪಿನ್‌ಗೆ ಸೇರಿಸಿದ ಒಂದು ಸಣ್ಣ ಪ್ಲಗ್ ಸಿಗ್ತದಲ್ಲ, ಅದನ್ನ ಹಾಕಿದ್ರೆ ಚಾರ್ಜರ್‌ಗೆ ಅರ್ಥ್ ಇದೆ ಅಂತ ಅನಿಸ್ತದೆ, ಎಲ್ಲಿ ಬೇಕಾದ್ರೂ ಚಾರ್ಜ್ ಆಗ್ತದೆ. ನಮ್ಮ ಫ್ರೆಂಡ್ ಒಬ್ಬ ಇಟ್ಕೊಂಡಿದ್ದಾನೆ.

ಕುಮಟಾ ವೈರಿಂಗ್

ತಮ್ಮಾ, ದಯವಿಟ್ಟು ಅದನ್ನ ಎಸೀಲಿಕ್ಕೆ ಹೇಳು ನಿನ್ನ ಫ್ರೆಂಡಿಗೆ. ಇದನ್ನ ಸ್ವಲ್ಪ ವಿವರವಾಗಿ ಬರೀತೆ, ಓದ್ಲೇಬೇಕು.

ಕಾರು ನಿಂತಿರೋದು ರಬ್ಬರ್ ಟೈರ್ ಮೇಲೆ. ಒಳಗೆ ಎಲ್ಲಾದ್ರೂ ಕರೆಂಟ್ ಲೀಕ್ ಆಗಿ ಬಾಡಿಗೆ ಬಂದ್ರೆ ಅದು ನೆಲಕ್ಕೆ ಹೋಗ್ಲಿಕ್ಕೆ ಇರೋ ದಾರಿ ಅರ್ಥ್ ತಂತಿ ಒಂದೇ. ಅದಿಲ್ಲ ಅಂದ್ರೆ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವ್ರ ಮೈಯೇ ದಾರಿ. ಚಾರ್ಜರ್ ಕೆಂಪು ದೀಪ ಹಾಕಿ ನಿಲ್ಲೋದು ಅದಕ್ಕೇ. ನೀನು ಹೇಳಿದ ಪ್ಲಗ್‌ನಲ್ಲಿ ನ್ಯೂಟ್ರಲ್ಲೂ ಕಾರಿನ ಬಾಡಿನೂ ಒಂದೇ ಆಗೋಯ್ತು. ಹಳ್ಳಿ ಲೈನಲ್ಲಿ ಗಾಳಿಗೆ ನ್ಯೂಟ್ರಲ್ ಕಟ್ ಆಗೋದು ಎಷ್ಟು ಸಾಮಾನ್ಯ ಅಂತ ನಂಗೆ ಗೊತ್ತು, ಕಟ್ ಆದ ಕ್ಷಣ ಇಡೀ ಕಾರಿನ ಮೈ ಮೇಲೆ 230 ವೋಲ್ಟ್. ಸಾಕೆಟ್ ಹಳೇದಾಗಿ ಫೇಸು ನ್ಯೂಟ್ರಲ್ಲು ಅದಲು ಬದಲು ಆಗಿದ್ರೂ ಅಷ್ಟೇ. ಆ ಮನೆ ಅಂಗಳದಲ್ಲಿ ಮಕ್ಕಳು ಆಡ್ತಿರ್ತಾವೆ.

ಅರ್ಥ್ ಪಿಟ್‌ಗೆ ಇದ್ದಿಲು ಉಪ್ಪು ಹಾಕೋದು ಯಾಕೆ ಅಂದ್ರೆ ತೇವ ಹಿಡಿದಿಟ್ಕೊಳ್ಲಿ ಅಂತ, ಒಣ ಮಣ್ಣು ಕರೆಂಟ್ ಬಿಡಲ್ಲ. ನಮ್ಮ ಕರಾವಳಿಲಿ ವರ್ಷಕ್ಕೆ 3000 ಮಿ.ಮೀ ಆಸುಪಾಸು ಮಳೆ, ನಾವು ಪಿಟ್ ಕಡೆ ತಿರುಗಿ ನೋಡೋದೇ ಇಲ್ಲ, ಅಲ್ಲಿ 400 ಬಂದ್ರೆ ಒಳ್ಳೇ ವರ್ಷ. ನೀರು ಹಾಕಿದ್ದು ಆ ಒಂದು ರಾತ್ರಿಗೆ ಉಪಾಯ ಅಷ್ಟೇ, ಪರಿಹಾರ ಅಲ್ಲ. ಅವ್ರು ಮನೆಗೆ ಹೊಸ ರಾಡ್ ಆಳವಾಗಿ ಹಾಕಿಸ್ಕೊಳ್ಬೇಕು, ಜೊತೆಗೆ ಲೀಕೇಜಿಗೆ ಟ್ರಿಪ್ ಆಗೋ ಬ್ರೇಕರ್ ಒಂದು.

ಹೊರಡೋ ಮುಂಚೆ ಮೂರು ದೀಪದ ಸಾಕೆಟ್ ಟೆಸ್ಟರ್ ಒಂದು ತಗೊಳ್ಳಿ, ಜೇಬಲ್ಲಿ ಹಿಡೀತದೆ, ಹಾಕಿದ ಕೂಡಲೇ ಅರ್ಥ್ ಇದ್ಯಾ ಇಲ್ವಾ ಗೊತ್ತಾಗ್ತದೆ, ರೂಮಿಗೆ ದುಡ್ಡು ಕೊಡೋ ಮುಂಚೆನೇ ನೋಡ್ಬಹುದು. ಮತ್ತೆ ಚಾರ್ಜ್ ಹಾಕಿ ಅರ್ಧ ಗಂಟೆ ಆದ್ಮೇಲೆ ಪ್ಲಗ್ ಮುಟ್ಟಿ ನೋಡಿ. ಬಿಸಿ ಇದ್ರೆ ಆ್ಯಂಪ್ ಕಡಿಮೆ ಮಾಡೋಕೆ ಸಾಧ್ಯ ಇರೋ ಚಾರ್ಜರ್ ಆದ್ರೆ ಕಡಿಮೆ ಮಾಡಿ, ಇಲ್ಲಾಂದ್ರೆ ತೆಗೀರಿ. ಗೀಸರ್ ಹದಿನೈದು ನಿಮಿಷ ಓಡಿ ನಿಲ್ತದೆ, ಕಾರು ಹತ್ತು ಗಂಟೆ ಎಳೀತದೆ, ಹಳೇ ಸಾಕೆಟ್ ಕರಗಿ ಹೋಗೋದು ಅಲ್ಲೇ.

ಅಂಕೋಲಾ ಬೈಲು

ಇಷ್ಟು ಗೊತ್ತಿರ್ಲಿಲ್ಲ ಅಣ್ಣಾ. ಇವತ್ತೇ ಹೇಳ್ತೇನೆ ಅವಂಗೆ.

ಉಪ್ಪಿನಾಗರ, ಗೋಕರ್ಣ

ಕಾಳಿ ದಂಡೆಯವ್ರೆ, ನಿಮ್ಮ ಆಯಿ ಕಹಿ ಅಂದಿದ್ದು ನೂರಕ್ಕೆ ನೂರು ಸರಿ, ಓದಿ ನಂಗೆ ಮೈ ಜುಂ ಅಂತು. ಆಗರದಲ್ಲಿ ಉಪ್ಪು ಕಟ್ಟಿದ ಮೇಲೆ ಉಳಿಯೋ ನೀರಲ್ಲಿ ಮೆಗ್ನೀಸಿಯಂ ಇರ್ತದೆ, ಅದೇ ಕಹಿ. ಅದನ್ನ ಹೊರಗೆ ಬಿಟ್ಟು, ಉಪ್ಪು ಎಳೆದು, ರಾಶಿ ಹಾಕಿ ಸೋರೋಕೆ ಬಿಡ್ತಾರೆ. ರಣ್‌ನಲ್ಲಿ ಆ ನೀರು ಹೊರಗೆ ಬಿಡೋರು ಯಾರು? ಎಲ್ಲ ಅಲ್ಲೇ ಒಣಗ್ತದೆ. ನಮ್ಮ ಕಡೆ ಉಪ್ಪು ಮಣ್ಣಿನ ಬಣ್ಣ ಹಿಡ್ಕೊಂಡು ಸ್ವಲ್ಪ ಕೆಂಪಗೆ ಇದ್ರೂ ರುಚಿ ಬರೋದು ಈ ಕೆಲಸದಿಂದ. ಚಿಕ್ಕ ರಣ್‌ನಲ್ಲಿ ಉಪ್ಪು ಮಾಡೋ ಜನಕ್ಕೆ ಅಗರಿಯಾ ಅಂತಾರೆ, ನಮ್ಮ ಆಗರ ಅನ್ನೋದೂ ಅದೇ ಮಾತು. ಭೂಮಿ ಒಳಗಿನ ಉಪ್ಪುನೀರು ಪಂಪಲ್ಲಿ ಎತ್ತಿ ಪಾತಿ ಕಟ್ಟಿ ಮಾಡ್ತಾರೆ ಅವ್ರು, ಈಗ ಎಷ್ಟೋ ಕಡೆ ಡೀಸೆಲ್ ಬಿಟ್ಟು ಸೋಲಾರ್ ಪಂಪ್ ಬಂದಿದೆ.

ಒಂದು ಡೌಟು. ಅಷ್ಟು ಉಪ್ಪು ಇರೋ ನೆಲದಲ್ಲಿ ಅರ್ಥ್ ಸಿಗಲ್ಲ ಅಂದ್ರೆ ಹೇಗೆ? ಉಪ್ಪು ನೀರು ಕರೆಂಟ್ ಚೆನ್ನಾಗಿ ಬಿಡ್ತದಲ್ವಾ?

ಕುಮಟಾ ವೈರಿಂಗ್

ಉಪ್ಪು ನೀರು ಬಿಡ್ತದೆ, ಒಣ ಉಪ್ಪು ಬಿಡಲ್ಲ. ಜೊತೆಗೆ ಕಾಳಿ ದಂಡೆಯವ್ರು ನಂಗೆ ಫೋಟೋ ಕಳಿಸಿದ್ರಲ್ಲ, ಆ ಮನೆ ಎತ್ತರದ ದಿಬ್ಬದ ಮೇಲೆ ಇದೆ, ಪೈಪ್ ಮೂರಡಿ ಮಾತ್ರ ಒಳಗೆ ಹೋಗಿದೆ, ತೇವ ಇರೋ ಮಣ್ಣು ಅದಕ್ಕೆ ಸಿಕ್ಕೇ ಇಲ್ಲ. ಅದೂ ಅಲ್ದೆ ಉಪ್ಪು ಗಾಳಿಗೆ ಕ್ಲಾಂಪ್ ತುಕ್ಕು ಹಿಡಿದು ತಂತಿಗೂ ಪೈಪಿಗೂ ಸಂಬಂಧನೇ ಇರ್ಲಿಲ್ಲ. ಈ ಎರಡನೇದು ಕಾರವಾರ, ಗೋಕರ್ಣ, ಹೊನ್ನಾವರ ಎಲ್ಲಾ ಕಡೆ ಇದೆ, ನಿಮ್ಮ ನಿಮ್ಮ ಮನೆದು ಒಂದ್ಸಲ ನೋಡ್ಕೊಳ್ಳಿ.

ಗಾಂಧಿಧಾಮದ ಕನ್ನಡಿಗ

ನಾನು ಕಾರವಾರದವ್ನೇ, ಬಂದರಿನ ಕೆಲಸಕ್ಕೆ ಬಂದು ಹನ್ನೊಂದು ವರ್ಷ ಇಲ್ಲಿ ಕಛ್‌ನಲ್ಲಿ. ಹೋಗೋರಿಗೆ ಕೆಲವು ಮಾತು.

ಡಾಂಬರ್ ರಸ್ತೆ ಬಿಟ್ಟು ಗಾಡಿನ ಉಪ್ಪಿನ ಮೇಲೆ ಇಳಿಸ್ಬೇಡಿ, ಯಾರ ವೀಡಿಯೋ ನೋಡಿದ್ರೂ ಸರಿ. ಮೇಲೆ ಗಟ್ಟಿ ಕಾಣೋದು ಬೆರಳಷ್ಟು ದಪ್ಪ, ಕೆಳಗೆ ಕೆಸರು, ಕೂತ್ಕೊಂಡ್ರೆ ಎಳೆದು ತೆಗೆಯೋದೂ ಕಷ್ಟ. ಇವಿಗೆ ಇನ್ನೂ ಕಷ್ಟ, ಮೋಟಾರ್ ಚಕ್ರಕ್ಕೇ ಸೇರಿರ್ತದೆ, ಆ ಚಕ್ರ ನೆಲದ ಮೇಲೆ ಉರುಳ್ತಾ ಹಗ್ಗ ಕಟ್ಟಿ ಎಳೀಬಾರ್ದು, ನಾಲ್ಕೂ ಚಕ್ರ ಎತ್ತಿ ಹಾಕ್ಕೊಂಡು ಹೋಗೋ ಗಾಡಿ ಭುಜ್‌ನಿಂದ ಬರ್ಬೇಕು. ಮತ್ತೆ ಮಳೆಗಾಲ ಮುಗಿದ ಕೂಡಲೇ ಬರ್ಬೇಡಿ, ಅಕ್ಟೋಬರಲ್ಲೂ ನೀರು ನಿಂತಿರ್ತದೆ, ಡಿಸೆಂಬರ್ ಜನವರಿ ಫೆಬ್ರವರಿ ಒಳ್ಳೇದು. ಖಾವ್ಡಾದಿಂದ ಉತ್ತರಕ್ಕೆ ಇಂಡಿಯಾ ಬ್ರಿಡ್ಜ್ ಕಡೆ ಗಡಿ ಭದ್ರತಾ ಪಡೆಯವ್ರ ಕಾವಲು ಇದೆ, ಅಲ್ಲಿ ಫೋಟೋ ತೆಗೀಬೇಡಿ. ರಾತ್ರಿ ಓಡಿಸ್ಬೇಡಿ, ಎಮ್ಮೆ ಒಂಟೆ ರಸ್ತೆ ಮೇಲೆ ಮಲಗಿರ್ತಾವೆ.

ನಮ್ಮ ಕಾಳಿ ಹೊಳೆಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಿ ಬೆಳೆದವ್ರಿಗೆ ಇನ್ನೊಂದು ಹೇಳ್ಬೇಕು, ಇಲ್ಲಿ ಖರಾಯಿ ಅಂತ ಒಂದು ಒಂಟೆ ಜಾತಿ ಇದೆ, ಸಮುದ್ರದ ಖಾರಿಲಿ ಈಜಿ ಹೋಗಿ ಕಾಂಡ್ಲಾ ಎಲೆ ಮೇಯ್ತದೆ. ಮೊದಲ ಸಲ ನೋಡಿದಾಗ ನೀರಿನ ಮೇಲೆ ಬರೀ ಕುತ್ತಿಗೆಗಳ ಸಾಲು, ನಾನು ನೋಡ್ತಾ ನಿಂತೇ ಬಿಟ್ಟೆ.

ಕಾಳಿ ದಂಡೆ, ಕಾರವಾರ

ಅಯ್ಯೋ, ಆ ಒಂಟೆ ಬಗ್ಗೆ ಗೊತ್ತಿದ್ರೆ ಇನ್ನೊಂದು ದಿನ ಉಳೀತಿದ್ವಿ.

ಕೊನೇ ಭಾಗ ಬರೆದು ಮುಗಿಸ್ತೇನೆ. ಖಾವ್ಡಾದಿಂದ ಧೋಲಾವೀರಾಕ್ಕೆ ಹೊಸ ರಸ್ತೆ ರಣ್ ನಡುವೆ ಸೀದಾ ಹೋಗ್ತದೆ, ಎರಡೂ ಕಡೆ ಬಿಳಿ, ಕೆಲವು ಕಡೆ ಇನ್ನೂ ನೀರು. ಮೊದಲು ರಾಪರ್ ಸುತ್ತಿ ಹೋಗ್ಬೇಕಿತ್ತಂತೆ. ಹೋಗುವಾಗ ಕಿ.ಮೀ.ಗೆ 130 ವ್ಯಾಟ್ ಅವರ್ (0.13 ಯೂನಿಟ್) ಲೆಕ್ಕದಲ್ಲಿ ಆರಾಮಾಗಿ ಹೋದ್ವಿ. ವಾಪಸ್ ಬರುವಾಗ ಎದುರು ಗಾಳಿ, ಅದೇ ರಸ್ತೆ ಅದೇ 70 ಸ್ಪೀಡು, ಖರ್ಚು 165ಕ್ಕೆ ಏರ್ತು. ಘಟ್ಟ ಆದ್ರೆ ಹತ್ತಿದ್ದಕ್ಕೆ ಇಳೀವಾಗ ಸ್ವಲ್ಪ ವಾಪಸ್ ಸಿಗ್ತದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಬರೋವಾಗ ಹೆಚ್ಚುಕಮ್ಮಿ 550 ಮೀಟರ್ ಇಳಿತೇವೆ, ಜನ ಸೇರಿ 1600 ಕೆ.ಜಿ ಗಾಡಿಗೆ ಅದು ಲೆಕ್ಕದಲ್ಲಿ 2.4 ಯೂನಿಟ್, ಅರ್ಧಕ್ಕಿಂತ ಜಾಸ್ತಿ ಬ್ಯಾಟರಿಗೆ ವಾಪಸ್ ಬರ್ತದೆ. ರಣ್‌ನಲ್ಲಿ ಗಾಳಿನೇ ಘಟ್ಟ, ಅದು ತಗೊಂಡಿದ್ದನ್ನ ವಾಪಸ್ ಕೊಡಲ್ಲ. ಅದಕ್ಕೇ ಮರುಭೂಮಿಲಿ ಅರ್ಧ ಬ್ಯಾಟರಿಗೆ ಅರ್ಧ ದಾರಿ ಅಂತ ಲೆಕ್ಕ ಹಾಕ್ಬೇಡಿ. ಭುಜ್ ತಲುಪಿದಾಗ 13%.

ಧೋಲಾವೀರಾ ಸಿಂಧೂ ಕಾಲದ ಊರು, 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಗೋಡೆ, ಬಾಗಿಲು ಎಲ್ಲಕ್ಕಿಂತ ನಾವು ಜಾಸ್ತಿ ಹೊತ್ತು ನಿಂತಿದ್ದು ನೀರಿನ ತೊಟ್ಟಿಗಳ ಹತ್ರ. ಎರಡು ಹಳ್ಳ, ಮನ್ಸರ್ ಮತ್ತೆ ಮನ್ಹರ್, ಮಳೆಗೆ ಮಾತ್ರ ಹರಿಯೋವು, ಅವುಕ್ಕೆ ಅಡ್ಡ ಕಟ್ಟಿ ನೀರು ತಿರುಗಿಸಿ ಬಂಡೆ ಕಡಿದ ತೊಟ್ಟಿಗೆ ತುಂಬಿಸ್ತಿದ್ರು, ನಾಲ್ಕು ಸಾವಿರ ವರ್ಷಕ್ಕಿಂತ ಹಿಂದೆ. ಮೆಟ್ಟಿಲು ಇಳಿದು ತಳದ ತನಕ ಹೋಗ್ಬಹುದು ಅನ್ನೋ ಹಾಗಿದೆ. ಹಿಂದಿನ ರಾತ್ರಿ ಆ ಎರಡು ಬಕೆಟ್ ನೋಡಿದ್ದೆವಲ್ಲ, ಹೆಂಡ್ತಿ ಅಲ್ಲಿ ನಿಂತು ಏನೂ ಮಾತಾಡ್ಲಿಲ್ಲ.

ಖರ್ಚು ಕೇಳ್ತಾರೆ ಅಂತ ಹೇಳ್ತೇನೆ. ಹೋಗಿ ಬಂದು 3200 ಕಿ.ಮೀ, ಹೊರಗಿನ ಚಾರ್ಜರ್‌ಗಳಲ್ಲಿ ಯೂನಿಟ್‌ಗೆ 18ರಿಂದ 24 ರೂಪಾಯಿ, ಒಟ್ಟು ಹತ್ತು ಸಾವಿರ ಹತ್ರ ಹತ್ರ. ಮನೆಲಿ ಹಾಕೋಷ್ಟು ಅಗ್ಗ ಅಲ್ಲ ಇದು.

ಸೋಂದಾ ರಸ್ತೆ, ಶಿರಸಿ

ದೇವಿಮನೆ ಲೆಕ್ಕ ತಂಗಿಗೆ ತೋರಿಸ್ತೆ. ಆಯಿಗೆ ನಮಸ್ಕಾರ ಹೇಳಿ.

ಶರಾವತಿ ತೀರ, ಹೊನ್ನಾವರ

ನಮಸ್ತೆ, ನಾವು ಇಬ್ಬರು ಗೆಳತಿಯರು ಮುಂದಿನ ವಾರ ಜೈಸಲ್ಮೇರ್ ಹೊರಟಿದ್ದೇವೆ, ನಮ್ಮದೂ ಇದೇ ಬ್ಯಾಟರಿ. ಸಮ್ ಮರಳು ದಿಬ್ಬ ಊರಿಂದ 40 ಕಿ.ಮೀ ಅಷ್ಟೇ, ಅದು ಚಿಂತೆ ಇಲ್ಲ. ತಾನೋಟ್ ದೇವಸ್ಥಾನ, ಲೋಂಗೆವಾಲಾ ಯುದ್ಧ ಸ್ಮಾರಕ ನೋಡಿ ಒಂದೇ ದಿನದಲ್ಲಿ ವಾಪಸ್ ಬರ್ಬಹುದಾ? ಮತ್ತೆ ಎಕ್ಸ್‌ಟೆನ್ಶನ್ ವೈರ್ ಎಂಥದ್ದು ಒಯ್ಯಬೇಕು?

ಕಾಳಿ ದಂಡೆ, ಕಾರವಾರ

ಅಕ್ಕಾ, ನಾನು ಆ ಕಡೆ ಹೋಗಿಲ್ಲ, ಮ್ಯಾಪ್ ನೋಡಿ ಹೇಳ್ತೇನೆ. ರಾಮಗಢ ಮೇಲೆ ತಾನೋಟ್, ಅಲ್ಲಿಂದ ಲೋಂಗೆವಾಲಾ, ವಾಪಸ್ ಜೈಸಲ್ಮೇರ್, ಒಟ್ಟು 260 ದಾಟ್ತದೆ. 100% ಇಟ್ಕೊಂಡು 70ರಲ್ಲಿ ಹೋದ್ರೂ ಎದುರು ಗಾಳಿ ಬಂದ್ರೆ ಸಾಲಲ್ಲ. ಜೈಸಲ್ಮೇರ್ ಸುತ್ತ ಅಷ್ಟೊಂದು ಗಾಳಿಯಂತ್ರ ಹಾಕಿರೋದು ಗಾಳಿ ಇರೋದಕ್ಕೇ ಅಲ್ವಾ. ರಾಮಗಢದಲ್ಲಿ ಮಧ್ಯಾಹ್ನ ಊಟದ ಜಾಗದಲ್ಲಿ 15 ಆ್ಯಂಪ್ ಸಿಗ್ತದಾ ಅಂತ ಮುಂಚೆನೇ ಫೋನ್ ಮಾಡಿ ಕೇಳಿ, ಮೂರು ಗಂಟೆ ಸಿಕ್ರೂ 40 ಕಿ.ಮೀ ಜಾಸ್ತಿ ಆಗ್ತದೆ. ಸಿಗಲ್ಲ ಅಂದ್ರೆ ಎರಡರಲ್ಲಿ ಒಂದನ್ನ ಬಿಡಿ, ಅಥವಾ ಆ ದಿನಕ್ಕೆ ಅಲ್ಲಿ ಟ್ಯಾಕ್ಸಿ ಮಾಡ್ಕೊಳ್ಳಿ.

ವೈರ್ 4 ಸ್ಕ್ವೇರ್ ಎಂಎಂ ದಪ್ಪದ್ದು, ಹತ್ತು ಮೀಟರ್, ಮೂರು ಕೋರ್. ಪೂರ್ತಿ ಬಿಚ್ಚಿ ಹಾಸ್ಬೇಕು, ಸುತ್ತಿಟ್ಟೇ ಬಳಸಿದ್ರೆ ಬಿಸಿಯಾಗ್ತದೆ. ಕುಮಟಾ ವೈರಿಂಗ್ ಅವ್ರು ಮಾಡಿಕೊಟ್ಟಿದ್ದು ನನ್ನ ಹತ್ರ ಇದೆ, ಟೆಸ್ಟರೂ ಇದೆ, ನಂಗೆ ಮೇ ತನಕ ಬೇಡ. ನೀವು ಹೈವೇ ಹಿಡಿದು ಕಾರವಾರದ ಮೇಲೆನೇ ಹೋಗೋದಲ್ವಾ, ಕಾಳಿ ಸೇತುವೆ ಹತ್ತೋ ಮುಂಚೆ ಒಂದು ಮೆಸೇಜ್ ಹಾಕಿ, ತಂದು ಕೊಡ್ತೇನೆ. ಆಯಿನೂ ಬರ್ತಾರಂತೆ, ದಾರಿಗೆ ಅವಲಕ್ಕಿ ಕಟ್ಟಿಕೊಡ್ತೇನೆ ಅಂತಿದ್ದಾರೆ.